ಅರ್ಡಿಸ್ ತುಂಬಿದ ತೋಟಾ

ಅರ್ಡಿಸ್ ನೋರ್ಡಾಲ್ ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಬೈದವಳೇ ಅಲ್ಲ. ಕನ್ನಡಿಯಲ್ಲಿ ಒಂದು ಸಲ ಕಣ್ಣೆತ್ತಿ ನೋಡಿದರೆ ಹಿಂದಿನ ಸೀಟಿನ ಪುಂಡನೂ ಕೈಕಟ್ಟಿ ಕೂರುತ್ತಿದ್ದ. ನಿವೃತ್ತಿಯಾದ ಮೇಲೆ ಕನ್ನಡಿ ಹೋಯಿತು, ನೋಟ ಉಳಿಯಿತು. ಗಂಡ ರಾಯ್ ಮದುವೆಯಾದ ಹೊಸತರಲ್ಲೇ ಇದನ್ನು ಅರ್ಥಮಾಡಿಕೊಂಡು, ಸಾಯುವವರೆಗೂ ಹೂಂ ಅಂದುಕೊಂಡು ನೆಮ್ಮದಿಯಾಗಿದ್ದ. ಅವಳ ಸಣ್ಣ ಊರು ಲೂಯಿಸ್‌ಟೌನಿನಲ್ಲಿ ಅವಳ ಬಗ್ಗೆ ಗೌರವವಿಲ್ಲದವರಿಲ್ಲ. ಹಾಗೆಯೇ ಅವಳೊಂದಿಗೆ ವಾದಕ್ಕಿಳಿದವರೂ ಇಲ್ಲ.

ಅವಳ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಒಂದು ದಪ್ಪ ಮರದ ಬೆಂಚಿತ್ತು. ಅದಕ್ಕೆ ಅವಳ ಅಪ್ಪ ಹಲ್ವರ್ ಬೋಲ್ಟು ಹಾಕಿ ಕೂರಿಸಿದ ತೋಟಾ ತುಂಬುವ ಪ್ರೆಸ್ಸು. ಹೊಡೆದ ತೋಟಾದ ಹಿತ್ತಾಳೆ ಚಿಪ್ಪು ಒಳಗಿನ ಒತ್ತಡಕ್ಕೆ ಉಬ್ಬಿರುತ್ತದೆ. ಅದನ್ನು ಪ್ರೆಸ್ಸಿನ ಅಚ್ಚಿನೊಳಗೆ ಒತ್ತಿ ಮತ್ತೆ ಆಕಾರಕ್ಕೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ತೋಟಾ ಮತ್ತೆ ಹುಟ್ಟಿತು. ಹೀಗೆ ಒಂದು ಹಿತ್ತಾಳೆ ಎಷ್ಟು ಸಲ ಹುಟ್ಟಬಲ್ಲದು ಎನ್ನುವುದು ಆ ಕಡೆಯವರಿಗೆ ಮುಗಿಯದ ಜಗಳ. ಭಾನುವಾರ ಚರ್ಚಿನ ಕಾಫಿಗೆ ನಿಂತವರು ಅಳಿಯಂದಿರನ್ನು ಆಡಿಕೊಳ್ಳುವಷ್ಟೇ ಉತ್ಸಾಹದಿಂದ ಹಿತ್ತಾಳೆಯನ್ನೂ ಆಡಿಕೊಳ್ಳುತ್ತಾರೆ.

ಅರ್ಡಿಸ್‌ಗೆ ಅಳಿಯನೂ ಇದ್ದ, ಹಿತ್ತಾಳೆಯೂ ಇತ್ತು. ಮನೆಯವರೆಲ್ಲರ ಬೇಟೆಗೂ ತೋಟಾ ಆ ಬೆಂಚಿನಿಂದಲೇ ಹೋಗಬೇಕು. ಅಂಗಡಿಯ ತೋಟಾ ಕೊಳ್ಳುವುದೆಂದರೆ ಅವಳ ಲೆಕ್ಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅಂಗಡಿಯ ಸಿಹಿ ಪೈ ತಂದಿಟ್ಟ ಹಾಗೆ, ಹೊಟ್ಟೆ ತುಂಬಿದರೂ ಮರ್ಯಾದೆ ಉಳಿಯುವುದಿಲ್ಲ. ಮಗಳು ಜೋಲೀನ್‌ಳನ್ನು ಮದುವೆಯಾದ ಕರ್ಟಿಸ್‌ಗೂ ಅವಳೇ ತುಂಬಿಕೊಡುತ್ತಿದ್ದಳು. ಅವನು ವಿದ್ಯುತ್ ಕಂಬ ಹತ್ತುವ ಕೆಲಸದವನು, ಮಾತು ಕಡಿಮೆ. ಅವನ ಕೋವಿಯೂ ಅವಳು ಹೊಡೆಯುವ ಅಪ್ಪನ ಹಳೆಯ ಕೋವಿಯೂ ಒಂದೇ ಅಳತೆಯವು, ಒಂದೇ ಅಚ್ಚು ಇಬ್ಬರಿಗೂ ಸಾಕು. ಆ ಅಚ್ಚು ಎಷ್ಟು ಕೆಳಗಿಳಿದು ನಿಲ್ಲಬೇಕೆಂದು ಹಿಡಿದಿಡುವ ತಿರುಪಿನ ಬಳೆಯನ್ನು ಹಲ್ವರ್ ತಾನೇ ಬಿಗಿದು, ಹೆಂಡತಿಯ ಕೆಂಪು ಉಗುರುಬಣ್ಣದ ಒಂದು ತೊಟ್ಟು ಇಟ್ಟು ಮುದ್ರೆ ಹಾಕಿದ್ದ. ಇದನ್ನು ಯಾರೂ ಮುಟ್ಟಬಾರದು ಎಂದಿದ್ದ. ಅವನು ಸತ್ತು ಎಷ್ಟೋ ಕಾಲವಾಗಿದ್ದರೂ ಯಾರೂ ಮುಟ್ಟಿರಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಕರ್ಟಿಸ್ ಬೆಟ್ಟದ ಮೇಲೆ ಎಲ್ಕ್ ಜಾತಿಯ ಒಂದು ದೊಡ್ಡ ಕಡವೆಯ ಎದುರಿಗೆ ನಿಂತ. ಮೊದಲ ಗುಂಡು ತಪ್ಪಿತು. ಪ್ರಾಣಿ ಓಡದೆ ಅಲ್ಲೇ ನಿಂತು ಅವನನ್ನೇ ನೋಡುತ್ತಿತ್ತು, ಅಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ. ಅವನು ಖಾಲಿ ಚಿಪ್ಪನ್ನು ಹೊರಗೆಳೆದರೆ ಬಂದದ್ದು ಬುಡದ ತುಂಡು ಮಾತ್ರ. ಮೇಲಿನ ಮುಕ್ಕಾಲು ಭಾಗ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನೊಳಗೇ ಕಚ್ಚಿಕೊಂಡು ಕೂತಿತ್ತು. ಎರಡನೆಯ ತೋಟಾ ಒಳಗೆ ಹೋಗಲಿಲ್ಲ. ಎಲ್ಕ್ ಸಾಕಾಗುವಷ್ಟು ನೋಡಿ, ನಿಧಾನವಾಗಿ ಪೈನ್ ಮರಗಳ ಒಳಕ್ಕೆ ನಡೆದುಹೋಯಿತು. ಆ ಚಳಿಗಾಲವಿಡೀ ಫ್ರೀಜರಿನಲ್ಲಿ ಅಂಗಡಿಯ ದನದ ಮಾಂಸ.

ಕರ್ಟಿಸ್ ಒಡೆದ ತುಂಡನ್ನು ತಂದು ಭಾನುವಾರದ ಊಟದ ಮೇಜಿನ ಮೇಲಿಟ್ಟ. ಅರ್ಡಿಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಾಂಸದ ರಸದ ಬಟ್ಟಲನ್ನು ಆಚೆ ಸರಿಸಿದಳು.

"ಇದು ನಾನು ಕೊಟ್ಟ ಹಿತ್ತಾಳೆ ಅಲ್ಲ. ಗುಂಡು ಹೊಡೆಯೋ ಮೈದಾನದಲ್ಲಿ ಯಾರೋ ಬಿಸಾಕಿದ್ದು ಆರಿಸ್ಕೊಂಡು ಬಂದು ನನ್ನದರಲ್ಲಿ ಬೆರೆಸಿದೀಯ," ಎಂದಳು.

ಕರ್ಟಿಸ್ ಇಲ್ಲ ಎಂದ. ಅವಳು ಬಿಡಲಿಲ್ಲ. ಅಪ್ಪನ ಕೋವಿಯಲ್ಲಿ ಇದೇ ಹಿತ್ತಾಳೆ ಹತ್ತು ಹನ್ನೆರಡು ಸಲ ಹೊಡೆದರೂ ಜಪ್ಪಯ್ಯ ಎನ್ನುವುದಿಲ್ಲ, ನಿನ್ನ ಕೈಯಲ್ಲಿ ನಾಲ್ಕೈದಕ್ಕೇ ಒಡೆದರೆ ತಪ್ಪು ಯಾರದು ಎಂದು ಕೇಳಿದಳು. ಕಂಡವರ ಕಸ ಆಯುವ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂದೂ ಸೇರಿಸಿದಳು. ಅದನ್ನು ಹೇಳಬಾರದಿತ್ತು. ಕರ್ಟಿಸ್‌ನ ಕಿವಿ ಕೆಂಪಾಯಿತು, ಅವನು ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಜಜ್ಜುತ್ತಾ ಕೂತ. ಮಾತಾಡಿದವಳು ಜೋಲೀನ್.

"ಸಾಕಮ್ಮ. ಅವನ ಮುಖದ ಹತ್ರ ಒಡೆದಿದ್ದು, ನಿನ್ನ ಮುಖದ ಹತ್ರ ಅಲ್ಲ. ಇನ್ಮೇಲೆ ನಮ್ಮ ಮನೆಗೆ ಅಂಗಡಿ ತೋಟಾನೇ."

ತಾಯಿಯ ನೋಟ ಮಗಳ ಮೇಲೆ ಬಿತ್ತು. ಬಸ್ಸಿನ ಪುಂಡರನ್ನು ಕೂರಿಸಿದ ನೋಟ. ಆದರೆ ಜೋಲೀನ್ ಅದರಡಿಯಲ್ಲೇ ಬೆಳೆದವಳು, ಜಗ್ಗಲಿಲ್ಲ.

ಅರ್ಡಿಸ್‌ಗೆ ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಅವಳಿಗೆ ಸಿಟ್ಟು ಬಂದರೆ ಅಳು ಬರುವುದಿಲ್ಲ, ಕೆಲಸ ಬರುತ್ತದೆ. ಹಿತ್ತಾಳೆಯನ್ನೇ ಪರೀಕ್ಷೆಗೆ ಕೂರಿಸುತ್ತೇನೆ, ಯಾವುದು ತಾಳುತ್ತದೆ ಯಾವುದು ಒಡೆಯುತ್ತದೆ ಎಂದು ಇವರ ಕಣ್ಣಿಗೇ ತೋರಿಸುತ್ತೇನೆ, ಆಮೇಲೆ ಇಬ್ಬರೂ ಬಂದು ನನ್ನ ತೋಟಾ ಕೇಳಲಿ ಎಂದು ನಿರ್ಧರಿಸಿದಳು. ಊರ ಅಂಗಡಿಯಲ್ಲಿ ಸಿಗುವ ಸಾಧಾರಣ ಹಿತ್ತಾಳೆ ಒಂದು, ಸೈನ್ಯದಿಂದ ಬಂದ ದಪ್ಪ ಹಿತ್ತಾಳೆ ಇನ್ನೊಂದು, ಚರ್ಚಿನ ಗಂಡಸರು ದೇವರ ಹೆಸರಿಗಿಂತ ಭಕ್ತಿಯಿಂದ ಹೇಳುವ ಫಿನ್‌ಲೆಂಡಿನ ಹಿತ್ತಾಳೆ ಮತ್ತೊಂದು. ಮೂರನ್ನೂ ಬೇರೆ ಬೇರೆ ಮೊಟ್ಟೆ ಟ್ರೇಗಳಲ್ಲಿ ಜೋಡಿಸಿಕೊಂಡಳು. ಹೊಡೆಯುವುದು ಕರ್ಟಿಸ್‌ನ ಕೋವಿಯಲ್ಲೇ ಆಗಬೇಕು. ಅಳಿಯ ಕೋವಿ ಹಿಡಿದು ಬಂದ.

ಡಿಸೆಂಬರಿನಿಂದ ಶನಿವಾರ ಶನಿವಾರ ಇಬ್ಬರೂ ಹಿಮದಲ್ಲಿ ಮೈದಾನಕ್ಕೆ ಹೋದರು. ಅವನು ಹೊಡೆಯುತ್ತಿದ್ದ, ಅವಳು ಥರ್ಮಾಸ್ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಹಾರಿ ಬಿದ್ದ ಚಿಪ್ಪನ್ನು ಅವನು ಬಗ್ಗಿ ಎತ್ತಲು ಹೋದರೆ ಬೇಡ ಎನ್ನುತ್ತಿದ್ದಳು. ತಾನೇ ಮಂಡಿ ಹಿಡಿದುಕೊಂಡು ಬಗ್ಗಿ ಆರಿಸಿ ಟ್ರೇಗೆ ಹಾಕುತ್ತಿದ್ದಳು, ಇವನೇನಾದರೂ ಬೆರೆಸಿಯಾನು ಎಂದು. ಕರ್ಟಿಸ್ ಕೈಗಳನ್ನು ಜೇಬಿಗೆ ಹಾಕಿಕೊಂಡು ಬೆಟ್ಟದ ಕಡೆ ನೋಡುತ್ತಾ ನಿಲ್ಲುತ್ತಿದ್ದ. ಮನೆಗೆ ಬಂದು ಅವಳು ಮತ್ತೆ ಅಚ್ಚಿಗೆ ಒತ್ತುವಳು, ತುಂಬುವಳು, ಮುಂದಿನ ಶನಿವಾರ ಮತ್ತೆ ಹಿಮ.

ಒಡೆಯುವ ಹಿತ್ತಾಳೆ ಮೊದಲು ಒಳಗಿನಿಂದ ಸವೆಯುತ್ತದೆ. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಚಿಪ್ಪಿನೊಳಗೆ ಬಿಟ್ಟು ಬುಡದಿಂದ ಮೇಲಕ್ಕೆ ಎಳೆದರೆ, ಸವೆದ ಕಡೆ ತಂತಿ ತಡೆಯುತ್ತದೆ. ಸಾಧಾರಣ ಹಿತ್ತಾಳೆಯಲ್ಲಿ ಬೇಗನೆ ತಡೆಯಿತು. ಅರ್ಡಿಸ್ ನಾನು ಹೇಳಲಿಲ್ಲವೇ ಎಂದು ಖುಷಿಪಟ್ಟು, ಅಂಗಡಿಯವನಿಗೆ ಫೋನು ಮಾಡಿ ದಬಾಯಿಸಿದಳು. ಸೈನ್ಯದ ಹಿತ್ತಾಳೆಯಲ್ಲೂ ತಡೆಯಿತು. ಸೈನ್ಯವನ್ನೇ ಬೈದಳು. ಉಳಿದದ್ದು ಫಿನ್‌ಲೆಂಡಿನದು. ಎಷ್ಟು ಚೆಂದದ ಹಿತ್ತಾಳೆ ಅದು, ಬಾಯಿಯ ಅಂಚು ಎಲ್ಲದರಲ್ಲೂ ಒಂದೇ ಸಮ, ಕೈಯಲ್ಲಿ ಹಿಡಿದರೇ ಸಮಾಧಾನ. ಮಿಕ್ಕವಕ್ಕಿಂತ ಒಂದು ಸುತ್ತು ಹೆಚ್ಚು ತಾಳಿತು. ಆಮೇಲೆ ಅದರಲ್ಲೂ ತಂತಿ ತಡೆಯಿತು.

ಅವಳು ತಂತಿಯನ್ನು ಗೋಡೆಗೆ ಎಸೆದಳು. ಮೆಟ್ಟಿಲು ಹತ್ತಿ ಹೋಗಿ ಅಡುಗೆಮನೆಯ ಬೀರುಗಳ ಬಾಗಿಲನ್ನೆಲ್ಲ ದಢಾರೆಂದು ಮುಚ್ಚಿದಳು. ಚೆನ್ನಾಗಿದ್ದ ಹಿತ್ತಾಳೆ, ಅಷ್ಟು ದಿನದ ಚಳಿ, ಮಂಡಿ ನೋವು, ಎಲ್ಲವೂ ಮಣ್ಣುಪಾಲು. ಇನ್ನು ಯಾರನ್ನು ಬೈಯುವುದು ಎಂದೇ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಒಗೆಯುವ ಬಟ್ಟೆ ಯಂತ್ರಕ್ಕೆ ಹಾಕಲು ಕೆಳಗಿಳಿದವಳು, ಸುಮ್ಮನಿರಲಾರದೆ ಮೂರು ಬಗೆಯದರಲ್ಲೂ ಒಂದೊಂದು ಚಿಪ್ಪನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ಪಕ್ಕಪಕ್ಕ ಇಟ್ಟು ನೋಡಿದಳು. ಮೂರೂ ಸವೆದದ್ದು ಒಂದೇ ಎತ್ತರದಲ್ಲಿ. ಮೂರು ಬೇರೆ ಕಾರ್ಖಾನೆಯವು, ಅದರಲ್ಲೊಂದು ಸಮುದ್ರದಾಚೆಯದು, ಒಬ್ಬರಿಗೊಬ್ಬರು ಹೇಳಿಕೊಂಡು ಒಂದೇ ಕಡೆ ಕೆಡಿಸಲು ಸಾಧ್ಯವಿಲ್ಲ. ಕರ್ಟಿಸ್ ಬೆರೆಸಿಲ್ಲ, ಅವನ ಕೈಯನ್ನು ಅವಳೇ ಜೇಬಿನೊಳಗೆ ಇಡಿಸಿದ್ದಳು. ಇನ್ನುಳಿದದ್ದು ಅವಳ ಬೆಂಚು.

ಕರ್ಟಿಸ್‌ನ ಕೋವಿಯಲ್ಲಿ ಹೊಡೆದ, ಇನ್ನೂ ಅಚ್ಚಿಗೆ ಒತ್ತದ ಒಂದು ಚಿಪ್ಪನ್ನು ತೆಗೆದುಕೊಂಡಳು. ಗುಂಡು ಕೂರುವ ಚಿಪ್ಪಿನ ಕುತ್ತಿಗೆಯ ಮೇಲೆ ಪಿಸ್ತೂಲಿನ ಖಾಲಿ ತೋಟಾ ಒಂದನ್ನು ಟೋಪಿಯಂತೆ ಕವುಚಿ, ಅದು ಕುತ್ತಿಗೆಯ ಕೆಳಗಿನ ಇಳಿಜಾರು ಹೆಗಲ ಮೇಲೆ ಕೂತ ಕಡೆಯಿಂದ ಬುಡದವರೆಗೆ ವರ್ನಿಯರ್ ಅಳತೆಕೋಲಿನಲ್ಲಿ ಅಳೆದಳು. ಆಮೇಲೆ ಅದನ್ನೇ ಅಚ್ಚಿಗೆ ಒತ್ತಿ ಮತ್ತೆ ಅಳೆದಳು. ಹೆಗಲು ಮೂರು ಹಾಳೆ ಕಾಗದದಷ್ಟು ಕೆಳಗೆ ಹೋಗಿತ್ತು. ಅಪ್ಪನ ಕೋವಿಯ ಚಿಪ್ಪನ್ನು ಹಾಗೆಯೇ ಮಾಡಿದರೆ ಅದು ಕದಲಿತೋ ಇಲ್ಲವೋ ಅನ್ನುವಷ್ಟು.

ಅಲ್ಲಿಗೆ ತಿಳಿಯಿತು. ಅಪ್ಪ ಆ ಬಳೆಯನ್ನು ಬಿಗಿದದ್ದು ತನ್ನ ಕೋವಿಯ ಗಿಡ್ಡ ಗೂಡಿಗೆ. ಕರ್ಟಿಸ್‌ನ ಕೋವಿಯ ಗೂಡು ಒಂದು ಕೂದಲು ಉದ್ದ, ಅದೇನು ತಪ್ಪಲ್ಲ. ಇವಳು ಪ್ರತಿಸಲ ಅಚ್ಚಿನಲ್ಲಿ ಹಿತ್ತಾಳೆಯನ್ನು ಕುಗ್ಗಿಸುವುದು, ಅದು ಪ್ರತಿಸಲ ಹೊಡೆತಕ್ಕೆ ಹಿಗ್ಗುವುದು. ಡಬ್ಬಿಯ ತಗಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಎಷ್ಟು ದಿನ ತಾಳೀತು. ಫಿನ್‌ಲೆಂಡಿನದಾದರೇನು, ಚಿನ್ನದ್ದಾದರೇನು. ಅಪ್ಪ ಮುಟ್ಟಬೇಡಿ ಎಂದದ್ದು ತನ್ನ ಒಂದು ಕೋವಿಯ ಮಾತಾಗಿತ್ತು, ಅದನ್ನು ವೇದವಾಕ್ಯ ಮಾಡಿಕೊಂಡವಳು ಅವಳು. ಅಪ್ಪ ಬದುಕಿದ್ದರೆ ಮೊದಲು ಯಾವ ಕೋವಿಗೆ ಎಂದು ಕೇಳುತ್ತಿದ್ದ. ಅವಳು ಬಟ್ಟೆ ಹಾಕುವುದನ್ನು ಮರೆತು ಖಾಲಿ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು.

ಆ ದಿನವೇ ಕಾರು ತೆಗೆದು ಮಗಳ ಮನೆಗೆ ಹೋದಳು. ಜೋಲೀನ್ ಇರಲಿಲ್ಲ. ಕರ್ಟಿಸ್ ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರ ಬಿಚ್ಚಿಟ್ಟುಕೊಂಡಿದ್ದ. ಅರ್ಡಿಸ್ ಕೋಟಿನ ಗುಂಡಿ ಕೂಡ ಬಿಚ್ಚದೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹಿತ್ತಾಳೆಯದಲ್ಲ, ಕೋವಿಯದಲ್ಲ, ನಿನ್ನದಂತೂ ಅಲ್ಲವೇ ಅಲ್ಲ, ಅಚ್ಚು ತಪ್ಪಾಗಿ ಇಳಿದಿತ್ತು, ಅದನ್ನು ನೋಡಬೇಕಾದವಳು ನಾನು ಎಂದಳು. ಮೇಜಿನ ಮೇಲೆ ಕಸ ಆಯುವ ಮಾತು ಆಡಿದ್ದಕ್ಕೂ ಕ್ಷಮೆ ಕೇಳಿದಳು. ಅವಳ ಬಾಯಲ್ಲಿ ಆ ಪದ ಬಂದದ್ದನ್ನು ಕೇಳಿದವರು ಊರಿನಲ್ಲಿ ಹೆಚ್ಚಿಲ್ಲ.

ಕರ್ಟಿಸ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, "ಗೊತ್ತಿತ್ತು, ಅರ್ಡಿಸ್," ಎಂದ.

"ಏನು ಗೊತ್ತಿತ್ತು?"

"ಎಲ್ಕ್ ತಪ್ಪಿದ ವಾರಾನೇ ಕೋವಿ ರಿಪೇರಿಯವನ ಹತ್ರ ತಗೊಂಡು ಹೋಗಿದ್ದೆ. ಒಡೆದ ತುಂಡು ನೋಡಿದ ತಕ್ಷಣ ಹೇಳಿಬಿಟ್ಟ. ತುಂಬೋರು ಅಚ್ಚು ಜಾಸ್ತಿ ಇಳಿಸ್ತಿದಾರೆ ಅಂತ."

ಅರ್ಡಿಸ್‌ಗೆ ಕ್ಷಮೆ ಕೇಳಿದ್ದೆಲ್ಲ ಒಂದೇ ಏಟಿಗೆ ಮರೆತುಹೋಯಿತು. ಇಡೀ ಚಳಿಗಾಲ ನನ್ನನ್ನು ಹಿಮದಲ್ಲಿ ಕೂರಿಸಿದೆಯಲ್ಲ, ಚಿನ್ನದಂಥ ಹಿತ್ತಾಳೆ ಹಾಳುಮಾಡಿಸಿದೆಯಲ್ಲ, ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ಹರಿಹಾಯ್ದಳು. ಅವಳ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಕರ್ಟಿಸ್ ಅವಳ ಮಾತು ಮುಗಿಯುವವರೆಗೂ ಕಾದ.

"ನಿಮಗೆ ಹೇಳೋರು ಯಾರು?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತು.

ಅವಳು ಕೋಟಿನ ಗುಂಡಿ ಬಿಚ್ಚುತ್ತಾ, ಸರಿಯಾಗಿ ಅಚ್ಚು ಹೊಂದಿಸಿ ತುಂಬಿಕೊಟ್ಟರೆ ಮತ್ತೆ ನನ್ನ ತೋಟಾ ಹೊಡೆಯುತ್ತೀಯಾ ಎಂದು ಕೇಳಿದಳು. ಕೇಳುವಾಗ ಅವನ ಮುಖ ನೋಡಲಿಲ್ಲ, ಬಿಚ್ಚಿಟ್ಟ ಯಂತ್ರವನ್ನೇ ನೋಡುತ್ತಿದ್ದಳು.

"ನಿಮ್ಮ ಬೆಂಚಲ್ಲಿ ತುಂಬಿದ್ದು ಹೊಡೀತೀನಿ. ಆದ್ರೆ ನಾನೇ ತುಂಬ್ತೀನಿ. ನೀವು ಪಕ್ಕದಲ್ಲಿ ಕೂತು ತೋರಿಸಿಕೊಡಿ. ಜೋಲೀನ್‌ಗೂ ಹಾಗಂತ ಹೇಳಿದ್ರೆ ಒಪ್ತಾಳೆ."

ಅಪ್ಪ ಹೋದ ಮೇಲೆ ಆ ಬೆಂಚಿನ ಮುಂದೆ ಅವಳಲ್ಲದೆ ಬೇರೆಯವರು ಕೂತಿರಲಿಲ್ಲ. ರಾಯ್ ಕೂಡ ಬಟ್ಟೆ ಯಂತ್ರದವರೆಗೆ ಬಂದು ನಿಲ್ಲುತ್ತಿದ್ದ. ಆದರೂ ಆಗಲಿ ಎಂದಳು.

ಶನಿವಾರ ಕರ್ಟಿಸ್ ಬಂದ. ಅರ್ಡಿಸ್ ಸ್ಟೂಲು ಬಿಟ್ಟುಕೊಟ್ಟು, ಬಟ್ಟೆಯ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಅವನು ಉಗುರುಬಣ್ಣ ಕೆರೆದು ಬಳೆ ಸಡಿಲಿಸಿ, ಅಚ್ಚನ್ನು ಹಿಡಿದ. ಮೇಲಕ್ಕೆ ಬಿಡಬೇಕಾದದ್ದನ್ನು ಕೆಳಕ್ಕೆ ತಿರುಗಿಸತೊಡಗಿದ. ಅರ್ಡಿಸ್‌ಳ ಬಾಯಿ ತೆರೆಯಿತು. ಮುಚ್ಚಿಕೊಂಡಳು. ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬೇರೆ ಕಡೆ ನೋಡಿದಳು.

ಕರ್ಟಿಸ್ ತಿರುಗಿ ನೋಡಿ, "ತಪ್ಪಾ?" ಎಂದ.

"ತಪ್ಪು. ನೋಡು, ಹೇಳೋಕೆ ಎಷ್ಟು ಹೊತ್ತಾಯ್ತು? ನವೆಂಬರಲ್ಲಿ ನೀನೂ ಇಷ್ಟೇ ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

ಅರ್ಡಿಸ್ ಸುಳ್ಳು ಹೇಳಬಹುದಿತ್ತು, ಅವನು ಒಪ್ಪಿಕೊಂಡೂ ಬಿಡುತ್ತಿದ್ದ.

"ಇಲ್ಲ," ಎಂದಳು.