ಕಡಲ ಸೊಪ್ಪಿನ ಪತ್ರೊಡೆ

ಜಪಾನಿನ ಕೋಬೆಗೆ ಬಂದಿಳಿದ ಮರುದಿನ ಮನೆಯೊಡತಿ ನನ್ನ ಕೈಗೆ ಚಪ್ಪಲಿಯ ಅಟ್ಟೆಯಂಥ ಕಪ್ಪು ವಸ್ತುವೊಂದನ್ನಿಟ್ಟು, ಇದು ತಿನ್ನುವುದು ಎಂದು ಸನ್ನೆ ಮಾಡಿದಳು. ಮೂಸಿದೆ. ಪಣಂಬೂರಿನ ಕಡಲ ದಂಡೆಯ ವಾಸನೆ! ಊರಿನವರೇ, ಅಲೆ ತಂದು ಹಾಕಿದ ಇಂಥದ್ದನ್ನು ನಾವು ಕಾಲಿನಿಂದ ಸರಿಸಿ ನಡೆಯುತ್ತೇವೆ. ಇಲ್ಲಿ ಅದು ಕೊಂಬು, ಅಂದರೆ ಒಣಗಿಸಿದ ಕಡಲ ಸೊಪ್ಪು. ಅದಿಲ್ಲದೆ ಇವರಿಗೆ ಅಡುಗೆಯೇ ಇಲ್ಲ.

ಮನೆಯೊಡತಿಯ ಹೆಸರು ಹಾನಾ-ಸಾನ್. ಸಾನ್ ಎಂಬುದು ಮರ್ಯಾದೆಯ ಮಾತು. ನನ್ನ ಮನಸ್ಸಿನಲ್ಲಿ ಅವಳು ಬರೀ ಹಾನಾ. ಹಡಗು ಕಂಪೆನಿಯಲ್ಲಿ ಗುಮಾಸ್ತರಾಗಿರುವ ನಮ್ಮವರು ಅವಳು ಆ ಸೊಪ್ಪಿನಿಂದ ಮಾಡಿದ ಸಾರನ್ನು ಬಟ್ಟಲೆತ್ತಿ ಕುಡಿದು, “ಎಂಥ ರುಚಿ ಉಂಟು ಮಾರಾಯ್ತಿ! ನೀನೂ ಕಲಿ” ಎಂದರು. ನಮ್ಮೂರು ಬೆಳುವಾಯಿಯಲ್ಲಿ ನನ್ನ ಕೋಳಿ ಗಸಿಯನ್ನು ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ಉಂಡೆದ್ದ ಗಂಡಸು! ನನ್ನ ಹೊಟ್ಟೆ ಧಗಧಗ ಉರಿಯಿತು. ಸಾಲದ್ದಕ್ಕೆ ನನಗಿಂತ ಹಿರಿಯಳಾದ ಹಾನಾಳ ತಲೆಯಲ್ಲಿ ಒಂದು ನರೆಗೂದಲಿಲ್ಲ. ಅದೂ ಸೊಪ್ಪಿನ ಮಹಿಮೆಯಂತೆ.

ಅವಳು ಸೊಪ್ಪನ್ನು ನೀರಿನಲ್ಲಿಟ್ಟು, ಕುದಿ ಬರುವ ಮೊದಲೇ ಎತ್ತಿ ಬಿಸಾಡುತ್ತಿದ್ದಳು. ನಾವು ಹಲಸಿನ ಬೀಜ, ಬಾಳೆಯ ದಿಂಡು ಯಾವುದನ್ನೂ ಬಿಡುವವರಲ್ಲ. ಸಾರಿಗೇ ಇಷ್ಟು ಗುಣವಿದ್ದರೆ ಎಲೆಯಲ್ಲಿ ಎಷ್ಟಿರಬೇಡ! ಬಿಸಾಡಿದ್ದನ್ನು ಹೆಕ್ಕಿ, ಪೇಟೆಯಿಂದ ಹೊಸದನ್ನೂ ತಂದು, ಅಕ್ಕಿಯ ಜತೆ ಊರಿನಿಂದ ಕಟ್ಟಿಕೊಂಡು ಬಂದ ಹುಣಸೆಹುಳಿ, ಮೆಣಸು ಅರೆದು ಸವರಿ, ಕೆಸುವಿನ ಎಲೆಯಂತೆ ಸುರುಳಿ ಸುತ್ತಿ ಪತ್ರೊಡೆ ಬೇಯಿಸಿದೆ. ಹಾನಾಳನ್ನು ಮೀರಿಸುವ ಕೂದಲು, ನಮ್ಮವರ ಬಾಯಿಂದ ಒಂದು ಹೊಗಳಿಕೆ. ನನ್ನ ಆಸೆ ಇಷ್ಟೇ. ಅವರು ಒಂದು ತುಂಡು ಕಚ್ಚಿ, “ರಬ್ಬರಿನ ಹಾಗೆ ಉಂಟಲ್ಲ” ಎಂದು ಮತ್ತೆ ಸಾರಿನ ಬಟ್ಟಲು ಎಳೆದುಕೊಂಡರು. ಹಠಕ್ಕೆ ಬಿದ್ದು ದಿನವೂ ಮಾಡಿದೆ, ದಿನವೂ ನಾನೇ ತಿಂದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಕರಿಮಣಿ ಕುತ್ತಿಗೆಗೆ ಬಿಗಿಯತೊಡಗಿತು. ಗಂಟಲಿನ ಬುಡ ಊದಿತ್ತು. ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ದುಭಾಷಿ ನಮ್ಮವರೇ ಆದ್ದರಿಂದ ಎಲ್ಲವನ್ನೂ ಅವರ ಮುಂದೆಯೇ ಹೇಳಬೇಕಾಯಿತು. ಸೊಪ್ಪಿನಲ್ಲಿರುವ ಅಯೋಡಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರಿ, ಕುತ್ತಿಗೆಯ ಗ್ರಂಥಿಯಲ್ಲಿ ಹೋಗಿ ಕೂರುತ್ತದಂತೆ. ಸ್ವಲ್ಪ ಬೇಕೇ ಬೇಕು. ಅತಿಯಾದರೆ ಗ್ರಂಥಿಯ ಕೆಲಸ ಕೆಟ್ಟು ಊದಿಕೊಳ್ಳಬಹುದು. ಚಿಕ್ಕಂದಿನಿಂದ ತಿಂದವರ ಮೈ ಒಗ್ಗಿಕೊಂಡಿರುತ್ತದೆ, ನನ್ನದು ಹೊಸತು ಎಂದರು. ಅದರಲ್ಲೂ ಹಾನಾಳೇ ಮುಂದೆ!

“ನಾನು ಬಿಸಾಡಿದ್ದನ್ನು ನೀವು ಗಿಡದ ಬುಡಕ್ಕೆ ಹಾಕುತ್ತಿದ್ದೀರಿ ಅಂದುಕೊಂಡಿದ್ದೆ” ಎಂದು ಮನೆಗೆ ಬಂದು ಸಂಗತಿ ಹೇಳಿದಾಗ ಹಾನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪತ್ರೊಡೆ ಬಿಟ್ಟ ಮೇಲೆ ಕುತ್ತಿಗೆಯ ಊತ ಇಳಿಯಿತು. ಆಮೇಲೆ ಹಲ್ಲು ಕಚ್ಚಿಕೊಂಡು ಅವಳಿಂದಲೇ ಆ ಸಾರು ಕಲಿತೆ. ಈಗ ದಿನಕ್ಕೊಂದು ಸಣ್ಣ ಬಟ್ಟಲು ನಾನೂ ಕುಡಿಯುತ್ತೇನೆ.

ಕಳೆದ ರಜೆಯಲ್ಲಿ ಬೆಳುವಾಯಿಗೆ ಬಂದಾಗ ಅತ್ತೆ ಕೆಸುವಿನ ಪತ್ರೊಡೆ ಮಾಡಿದ್ದರು. ನಮ್ಮವರು ಮತ್ತೆ ಮತ್ತೆ ಬಡಿಸಿಕೊಂಡು, “ಅಮ್ಮಾ, ಇದರ ಎದುರು ಯಾವುದೂ ಇಲ್ಲ” ಎಂದರು. ಕೋಬೆಯ ಸಾರೂ ಊರಿನ ಪತ್ರೊಡೆಯೂ ಒಂದೇ ಹಾಗೆ ಹಿಡಿಸುವ ಆ ಮೈಯನ್ನು ಕಂಡು ನನಗೆ ಮತ್ತೆ ಹೊಟ್ಟೆ ಉರಿಯಿತು. ನಾನು ಬಾಯಿಗಿಟ್ಟ ಮೊದಲ ತುತ್ತಿನಲ್ಲೇ ನಾಲಿಗೆ ಕಡಲಿನ ರುಚಿಯನ್ನು ಹುಡುಕುತ್ತಿತ್ತು.

“ಯಾಕೆ ಮಗಾ, ಉಪ್ಪು ಕಡಿಮೆಯಾ?” ಅತ್ತೆ ಕೇಳಿದರು.

“ಇಲ್ಲ ಅತ್ತೆ, ಸಮ ಉಂಟು” ಎಂದು ತಲೆ ತಗ್ಗಿಸಿ ಉಂಡೆ.