ಹಣೆಯಲ್ಲಿ ಚಂದ್ರನಿದ್ದ ಹೋತ

ನಮ್ಮ ಮನೆಗೆ ಹೆದರಿಕೆ ಕಾಲಿಟ್ಟದ್ದು ಒಂದು ಫೋಟೊದಿಂದ. ಆ ಫೋಟೊ ತೆಗೆದವಳು ನಾನೇ. ಯಾರನ್ನಾದರೂ ಬೈದು ಹಗುರಾಗೋಣವೆಂದರೆ ಬೇರೆ ಯಾರೂ ಸಿಗುವುದಿಲ್ಲ.

ಆಗ ನನಗೆ ಹದಿನೆಂಟು. ಹುಡಗಿಯಲ್ಲಿ ನಮ್ಮ ಮನೆ, ಮನೆಗೆ ಅಂಟಿಕೊಂಡೇ ಕುರಿದೊಡ್ಡಿ. ಅಪ್ಪ, ಅವ್ವ, ನಾನು, ಇಪ್ಪತ್ತು ಕುರಿ, ಐದು ಆಡು. ಹುಮನಾಬಾದಿನ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ್ದೆ. ಬಸವಕಲ್ಯಾಣದ ಒಂದು ನರ್ಸಿಂಗ್ ಶಾಲೆಯ ಅರ್ಜಿ ತಂದು ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಮೊದಲ ವರ್ಷದ ಫೀಸು ನಲವತ್ತು ಸಾವಿರ. ಆ ಮಾತನ್ನು ಅಪ್ಪನ ಮುಂದೆ ಆಡಲು ನನಗೆ ಬಾಯಿಯೇ ಬರುತ್ತಿರಲಿಲ್ಲ. ನರ್ಸಿಂಗ್ ಬಿಟ್ಟು ಬೇರೇನನ್ನೂ ಓದುವ ಮನಸ್ಸೂ ಇರಲಿಲ್ಲ, ನಾನು ಮೊದಲಿನಿಂದ ಹಟಮಾರಿಯೇ.

ಐದು ಆಡುಗಳಲ್ಲಿ ಒಂದು ಹೋತ. ಹುಟ್ಟಿದ ವಾರಕ್ಕೆ ಅದರ ತಾಯಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ನಾನು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬಿದಿಗೆಯ ಚಂದ್ರನಂಥ ಬಿಳಿ ಗೆರೆ. ನಮ್ಮ ದೊಡ್ಡಿಯ ಪ್ರತಿಯೊಂದು ಪ್ರಾಣಿಯ ಎಡಗಿವಿಯ ತುದಿಯಲ್ಲಿ ಜೋಳದ ಕಾಳಿನಷ್ಟು ಕೊಯ್ದ ಗುರುತು ಇರುತ್ತದೆ. ಯಾರ ಕುರಿ ಯಾರ ಹಿಂಡಿನಲ್ಲಿ ಸೇರಿಕೊಂಡರೂ ಕಿವಿ ಹಿಡಿದು ನೋಡಿದರೆ ಮುಗಿಯಿತು, ಮಾತಿಗೆ ಮಾತು ಬೆಳೆಯುವುದಿಲ್ಲ. ಈ ಮರಿಯ ಸರದಿ ಬಂದಾಗ ನಾನು ನೆಲಕ್ಕೆ ಬಿದ್ದು ಉರುಳಾಡಿ ಅತ್ತಿದ್ದೆ. ಅಪ್ಪ ನಕ್ಕು ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ. "ಇರ್ಲಿ ಬಿಡವ್ವಾ, ನಿನ್ನ ಮಗನ ಕಿವಿ ನಾ ಯಾಕ ಕೊಯ್ಯಲಿ" ಎಂದ. ಹೀಗೆ ನಮ್ಮ ದೊಡ್ಡಿಯಲ್ಲಿ ಅದೊಂದರ ಕಿವಿ ಇಡಿಯಾಗಿ ಉಳಿಯಿತು.

ಬಕ್ರೀದಿಗೆ ಇನ್ನೂ ಮೂರು ವಾರ ಇತ್ತು. ಹೋತ ಗೋಡೆಯ ಮೇಲೆ ಮುಂಗಾಲಿಟ್ಟು ನಿಂತಿದ್ದಾಗ ಫೋಟೊ ಹೊಡೆದು ಸ್ಟೇಟಸ್ಸಿಗೆ ಹಾಕಿದೆ. ಯಾರು ಯಾರಿಗೆ ಕಳಿಸಿದರೋ ಗೊತ್ತಿಲ್ಲ, ಮೂರನೆಯ ದಿನ ಬೆಳಿಗ್ಗೆ ಬಸವಕಲ್ಯಾಣದಿಂದ ಒಬ್ಬ ಸಾಹೇಬರು ಕಾರಿನಲ್ಲಿ ಬಂದರು. ಬಟ್ಟೆ ಅಂಗಡಿಯವರು. ಅವರ ವಯಸ್ಸಾದ ತಾಯಿ ಫೋಟೊ ನೋಡಿ, ಈ ಸಲ ಕುರ್ಬಾನಿಗೆ ಚಂದ್ರನಿರುವ ಇದೇ ಹೋತ ಬೇಕು ಎಂದು ಕೂತಿದ್ದರಂತೆ. ಸಾಹೇಬರು ಕುಕ್ಕರಗಾಲಲ್ಲಿ ಕೂತು ಹಲ್ಲು ನೋಡಿದರು, ಕೊಂಬು ಮುಟ್ಟಿದರು, ನಾಲ್ಕು ಹೆಜ್ಜೆ ನಡೆಸಿದರು. ಆಮೇಲೆ ಎದ್ದು ನಿಂತು, "ಕಾಕಾ, ಎಂಬತ್ತು ಸಾವಿರ ಕೊಡ್ತೀನಿ ನೋಡ್ರಿ" ಎಂದರು.

ಹದಿನೈದು ಸಾವಿರ ಕೇಳಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ ಅಪ್ಪನ ಬಾಯಿ ಕಟ್ಟಿಹೋಯಿತು. ಸಾಹೇಬರು ಅದನ್ನು ಚೌಕಾಸಿ ಎಂದುಕೊಂಡರು. "ಆಯ್ತು ಬಿಡ್ರಿ, ತೊಂಬತ್ತು. ಇನ್ನ ಮ್ಯಾಲ ಹೋಗಂಗಿಲ್ಲ." ಒಳಗೆ ಅವ್ವನ ಕೈಯಿಂದ ತಾಟು ಬಿದ್ದ ಸಪ್ಪಳವಾಯಿತು. ಪೇಟೆಯ ಮನೆಯಲ್ಲಿ ಕಟ್ಟಲು ಜಾಗವಿಲ್ಲ, ಹಬ್ಬದ ಹಿಂದಿನ ದಿನ ಒಯ್ಯುತ್ತೇವೆ ಎಂದು ಎರಡು ಸಾವಿರ ಮುಂಗಡ ಕೊಟ್ಟು ಕಾರು ಹತ್ತಿದರು. ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಬೇಟಿ, ಅಲ್ಲೀತನ ಜ್ವಾಪಾನ. ಐಬು ಬರಬಾರ್ದು" ಎಂದರು.

ಆ ಮಧ್ಯಾಹ್ನ ನಾವು ಮೂವರೂ ಊಟದ ಮುಂದೆ ಕೂತು ಉಣ್ಣಲೇ ಇಲ್ಲ. ಟ್ರಂಕಿನಿಂದ ಅರ್ಜಿ ತೆಗೆದು ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ಓದಲು ಬರುವುದಿಲ್ಲ, ಆದರೂ ಅದನ್ನು ಹಿಂದೆ ಮುಂದೆ ತಿರುವಿ ನೋಡಿದ. "ಇದರಾಗ ಏನೇನ್ ಕಲಿಸ್ತಾರ?" ಎಂದ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು ಎಂದೆ. "ಮತ್ತ ಹೋಗು. ಹೋತ ಹೋದ ದಿನಾನ ಫೀಸು ತುಂಬಿ ಬರೂಣು" ಎಂದ. ಅವ್ವ ಬಾಗಿಲಿರುವ ಬಚ್ಚಲು ಬೇಕೆಂದಳು. ಇಪ್ಪತ್ತು ವರ್ಷ ಸೀರೆ ಅಡ್ಡ ಕಟ್ಟಿ ಮಿಂದು ಸಾಕಾಗಿದೆ, ಚಿಲಕ ಹಾಕಿಕೊಂಡು ಒಮ್ಮೆ ನಿಧಾನ ಮೀಯಬೇಕು ಎಂದಳು. ಅಪ್ಪ ತನಗೇನೂ ಬೇಡ ಎಂದ. ಎದ್ದು ಬಾಗಿಲ ತನಕ ಹೋಗಿ ತಿರುಗಿ, "ಒಂದ್ ಚಲೋ ಬ್ಯಾಟರಿ ತಗೊಂಡ್ರ ಸಾಕು" ಎಂದ. ನಕ್ಕೆವು. ಆ ಮನೆಯಲ್ಲಿ ನಾವು ಹೆದರಿಕೆಯಿಲ್ಲದೆ ನಕ್ಕದ್ದು ಅದೇ ಕೊನೆ ಎಂದು ಈಗ ಅನಿಸುತ್ತದೆ.

ಮರುದಿನದಿಂದ ಶುರುವಾಯಿತು ನೋಡಿ. ಹೋತ ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು, ಕೆಮ್ಮದಿದ್ದರೆ ಯಾಕೆ ಸುಮ್ಮನಿದೆ ಎಂದು ಎದ್ದು ಹೋಗಿ ನೋಡುತ್ತಿದ್ದೆವು. ಮಿರಗದ ಮೊದಲ ಮಳೆಗೆ ಎಳೆಯ ಜೋಳ ಮೊಳೆತಿತ್ತು, ಅದನ್ನು ತಿಂದ ದನ ಹೊಟ್ಟೆಯುಬ್ಬಿ ಸತ್ತದ್ದನ್ನು ಕಣ್ಣಾರೆ ಕಂಡವರು ನಾವು. ಅದಕ್ಕೇ ಅಪ್ಪ ಅದನ್ನು ಮೇಯಲು ಬಿಡುವುದನ್ನೇ ನಿಲ್ಲಿಸಿದ. ಕೊಂಬು ಮುರಿದೀತೆಂದು ಉಳಿದ ಆಡುಗಳಿಂದ ಬೇರೆ ಮಾಡಿ ಪಡಸಾಲೆಯಲ್ಲಿ ಕಟ್ಟಿದ, ನಾವು ಅಂಗಳದಲ್ಲಿ ಮಲಗಿದೆವು. ಅವ್ವ ಅದರ ಕಾಲಿಗೆ ಕರಿದಾರ ಕಟ್ಟಿದಳು. ದಿನಕ್ಕೆ ಎರಡು ಸಲ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದಳು. ಆ ಘಾಟಿಗೆ ಹೋತ ಸೀನಿದರೆ ಜ್ವರ ಬಂತೆಂದು ತಾನೇ ಅಳುತ್ತಿದ್ದಳು. "ಅವ್ವಾ, ಮೆಣಸಿನಕಾಯಿ ನೀನ ಸುಟ್ಟೀಯಲ್ಲ!" ಎಂದು ನಾನು ಚೀರುತ್ತಿದ್ದೆ. ಎಲ್ಲರ ಬಾಯೂ ಸಿಡುಕು. ಹದಿನೈದು ಸಾವಿರದ ಹೋತ ಇದ್ದಾಗ ನಾವು ಹೀಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಕಳ್ಳರದು. ಹೈವೇ ನಮ್ಮೂರಿಗೆ ಹತ್ತಿರ. ಒಂದು ಗಾಡಿ ನಿಧಾನವಾದ ಸದ್ದು ಕೇಳಿದರೂ ಅಪ್ಪ ಬಡಿಗೆ ಹಿಡಿದು ಎದ್ದು ನಿಲ್ಲುತ್ತಿದ್ದ. ಫೋಟೊ ಅಳಿಸಿಹಾಕಿದೆ, ಆದರೆ ನೋಡಿದವರ ಕಣ್ಣಿಂದ ಅಳಿಸುವುದು ಹೇಗೆ? ಹಬ್ಬಕ್ಕೆ ಐದು ದಿನ ಇರುವಾಗ ಬೇಮಳಖೇಡದಿಂದ ನನ್ನ ಸೋದರಮಾವನ ಫೋನ್ ಬಂತು. ಅವನಿಗೆ ಗೊತ್ತಿರುವವರ ಒಂದು ಆಡು ಕಳುವಾಗಿತ್ತಂತೆ. ಸಂತೆಯಲ್ಲಿ ಅದನ್ನೇ ಕಂಡು ಹಿಡಿದರೂ, "ನಿಂದ ಅನ್ನಾಕ ಗುರುತೇನದ?" ಎಂದು ಕೇಳಿದಾಗ ತೋರಿಸಲು ಏನೂ ಇಲ್ಲದೆ ಬರಿಗೈಯಲ್ಲಿ ಬಂದರಂತೆ.

ಅಪ್ಪ ಫೋನಿಟ್ಟು ಹೋತದ ಕಿವಿಯನ್ನೇ ನೋಡುತ್ತ ಕೂತ.

"ಹಣಿ ಮ್ಯಾಲ ಚಂದ್ರ ಅದಾನಲ್ಲಪ್ಪ, ಗುರುತಿಗೆ ಇನ್ನೇನ್ ಬೇಕು?" ಎಂದೆ.

"ತಲಿಗೆ ಹಚ್ಚೋ ಕರೇ ಬಣ್ಣ ಬಳದ್ರ ಎಲ್ಲಿ ಚಂದ್ರ, ಎಲ್ಲಿ ಸೂರ್ಯ!" ಎಂದು ಅವ್ವ ಒಳಗಿನಿಂದಲೇ ಕೂಗಿದಳು.

ಅವಳು ಹೇಳಿದ್ದು ಸುಳ್ಳಲ್ಲ. ಕಿವಿಗೆ ಗುರುತು ಹಾಕಿಬಿಡೋಣ ಎಂದು ಅಪ್ಪನಿಗಿಂತ ಮೊದಲು ಹೇಳಿದವಳು ನಾನು. ಹಿಂದೆ ಅದೇ ಕಿವಿಗಾಗಿ ಉರುಳಾಡಿ ಅತ್ತವಳು. ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕುರಿ ಸಾಕುವವರಿಗೆ ಕಿವಿಯ ಗುರುತು ಗಾಯವಲ್ಲ, ಅದೊಂದು ಹೆಸರು. ಬಕ್ರೀದಿಗೆಂದು ನಾವು ಯಾವತ್ತೂ ಮಾರಿದವರಲ್ಲ, ಮರಿಗಳನ್ನು ಹುಮನಾಬಾದಿನ ದಲ್ಲಾಳಿಗೆ ಕೊಟ್ಟು ಬರುವವರು. ಐಬು ಎಂದರೆ ಕುಂಟು, ಕುರುಡು, ರೋಗ ಎಂದಷ್ಟೇ ತಿಳಿದಿದ್ದೆವು.

ಬಿಸಿಲೇರುವ ಮುಂಚೆ ಅಂಗಳದಲ್ಲಿ ಕೂತೆವು. ಹೋತವನ್ನು ಮೊಣಕಾಲುಗಳ ನಡುವೆ ಅವುಚಿ, ಒಂದು ಕೈಯಲ್ಲಿ ಕೊಂಬು, ಇನ್ನೊಂದರಲ್ಲಿ ಮೂತಿ ಹಿಡಿದೆ. ಅಪ್ಪ ಬ್ಲೇಡನ್ನು ಬಿಸಿನೀರಿನಲ್ಲಿ ಅದ್ದಿ ತಂದ. ನೂರಾರು ಕಿವಿ ಕೊಯ್ದ ಕೈ ಅದು, ಕಣ್ಣು ಮುಚ್ಚಿದರೂ ತಪ್ಪದು. "ಗಟ್ಟಿ ಹಿಡಿ" ಎಂದ. "ಹಿಡದೀನಪ್ಪ" ಎಂದೆ. ಬ್ಲೇಡು ಕಿವಿಗೆ ತಾಗಿತು, ರಕ್ತದ ಒಂದು ಚುಕ್ಕೆ ಕಂಡಿತು. ನಾಳೆ ನರ್ಸ್ ಆಗುವವಳು ನಾನು, ಕಣ್ಣು ಮುಚ್ಚಿಕೊಂಡೆ. ಕಣ್ಣಿನ ಜೊತೆ ಕೈಯೂ ಸಡಿಲಾಯಿತು. ಬಿಟ್ಟೆ. ಎಷ್ಟು ಹೊತ್ತು ಎಂದರೆ ಒಂದು ಉಸಿರಿನಷ್ಟು. ಹೋತ ತಲೆ ಕೊಡವಿತು.

ಕಣ್ಣು ತೆರೆದಾಗ ಕಿವಿ ತುದಿಯಿಂದ ಬುಡದ ಹತ್ತಿರದವರೆಗೆ ಸೀಳಿತ್ತು, ಎರಡು ಪಟ್ಟಿಯಾಗಿ ಜೋತಾಡುತ್ತಿತ್ತು. ನನ್ನ ಲಂಗದ ಮೇಲೆಲ್ಲ ರಕ್ತ. ಅಪ್ಪ ಹೋತವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದ.

"ನಡುಗ್ತಲ್ಲೇ... ನನ್ನ ಕೈ ನಡುಗ್ತು."

ಅವ್ವ ಓಡಿಬಂದು ಎದೆ ಬಡಿದುಕೊಂಡಳು. "ಅಯ್ಯಯ್ಯೋ, ಏನ್ ಮಾಡಿದ್ರಿ ಇದನ್ನ!"

"ಆಕಿನ್ನ ಏನೂ ಅನ್ನಬ್ಯಾಡ. ನಾ ಮಾಡ್ದೆ. ನನ್ನ ಕೈ ನಡುಗ್ತು."

ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. "ಅರಿಸಿನ ತಾ ಅವ್ವಾ" ಎಂದಷ್ಟೇ ಹೊರಗೆ ಬಂತು. ಅಪ್ಪ ನನ್ನನ್ನು ಯಾವತ್ತೂ ಹೊಡೆದವನಲ್ಲ, ಬೈದವನೂ ಅಲ್ಲ. ಹಾಗಿದ್ದರೂ ಅಷ್ಟು ಹೆದರಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಅವ್ವ ಅರಿಸಿನ ಮೆತ್ತಿ, ಬಟ್ಟೆ ಸುತ್ತಿ, ಮುಳ್ಳು ಪರಚಿದೆ ಎಂದು ಹೇಳೋಣ ಎಂದಳು. ಅಪ್ಪ ಒಪ್ಪಲಿಲ್ಲ. ಸಾಹೇಬರಿಗೆ ನನ್ನಿಂದಲೇ ಫೋನ್ ಹಚ್ಚಿಸಿ, "ಕಿವಿ ಹರದದ್ರಿ. ನೀವ ಬಂದು ನೋಡ್ರಿ" ಎಂದ. ಅವರು ಬರುವ ತನಕ ಇಡೀ ದಿನ ನಾವು ಮೂವರೂ ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದೆವು. ನಾನು ಅರ್ಜಿಯನ್ನು ಎದೆಗೆ ಅವುಚಿಕೊಂಡು, ಕಿವಿಗೆ ಅಡ್ಡಿಯಿಲ್ಲ ಎನ್ನಲಿ, ಅಡ್ಡಿಯಿಲ್ಲ ಎನ್ನಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ.

ಸಂಜೆಗೆ ಸಾಹೇಬರು ಬಂದರು. ಬಟ್ಟೆ ಬಿಚ್ಚಿ, ಕಿವಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಯಾಕ ಕೊಯ್ದ್ರಿ ಕಾಕಾ?"

"ಕಳ್ಳರ ಅಂಜಿಕಿಗೆ ಗುರುತು ಹಾಕಾಕ ಹೋಗಿದ್ದೆರಿ. ಜೋಳದ ಕಾಳಿನಷ್ಟ ಕೊಯ್ಯಾಂವ ಇದ್ದೆ."

"ಕಾಳಿನಷ್ಟ ಇದ್ರ ನಾ ತಕರಾರು ಮಾಡ್ತಿದ್ದಿಲ್ಲ. ಅಷ್ಟಕ್ಕ ಏನೂ ಆಗಂಗಿಲ್ಲ. ಇದು ಅರ್ಧಕ್ಕಿಂತ ಜಾಸ್ತಿ ಹರದದ, ಕುರ್ಬಾನಿಗೆ ನಡ್ಯಂಗಿಲ್ಲ. ಅಮ್ಮಿಗೆ ನಾ ಹ್ಯಾಂಗ ಹೇಳ್ಲಿ ಈಗ."

ಅಪ್ಪ ಮುಂಗಡದ ಎರಡು ಸಾವಿರ ತಂದು ಚಾಚಿದ. ಮೇವಿಗಾಯಿತು ಇರಲಿ ಎಂದು ಅವರು ಮುಟ್ಟಲಿಲ್ಲ. ಕಾರು ಹೋದ ಮೇಲೂ ಅಪ್ಪನ ಕೈ ಹಾಗೇ ಚಾಚಿಕೊಂಡಿತ್ತು. ಕಾಳಿನಷ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆ ಮಾತನ್ನು ಕೇಳಿದ ಮೇಲೆ, ನಾಳೆ ಹೇಳುತ್ತೇನೆ ಎಂಬುದೂ ನನ್ನೊಳಗೆ ಸತ್ತುಹೋಯಿತು.

ವಾರದ ಮೇಲೆ ಅಪ್ಪ ತಾನಾಗಿ ಅರ್ಜಿಯ ಮಾತೆತ್ತಿದ. ಅರ್ಧ ಹಿಂಡು ಮಾರಿ ಫೀಸು ಕಟ್ಟುತ್ತೇನೆ ಎಂದ. ಆ ಹಿಂಡೇ ನಮ್ಮ ಅನ್ನ. "ಬ್ಯಾಡಪ್ಪ, ನಂಗ ರಕ್ತ ಕಂಡ್ರ ಹೆದರಿಕಿ. ಅದು ನನ್ನಿಂದ ಆಗಂಗಿಲ್ಲ" ಎಂದೆ. ಅವನು ನನ್ನ ಮುಖ ನೋಡಿ, ತನಗೆ ನೋವಾಗದಿರಲೆಂದು ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡ. ಎದ್ದು ಹೋಗಿ ಬ್ಲೇಡಿನ ಪೊಟ್ಟಣವನ್ನು ತಿಪ್ಪೆಗೆ ಎಸೆದ. ಅಂದಿನಿಂದ ಅಪ್ಪ ಒಂದು ಮರಿಯ ಕಿವಿಯನ್ನೂ ಕೊಯ್ದಿಲ್ಲ, ಓಣಿಯ ಬೇರೆಯವರನ್ನು ಕರೆಸುತ್ತಾನೆ. ಹೋತ ಮರುವರ್ಷ ಸಂತೆಯಲ್ಲಿ ಹದಿನಾರು ಸಾವಿರಕ್ಕೆ ಹೋಯಿತು. ಅದರಲ್ಲಿ ಅವ್ವನ ಬಚ್ಚಲಿಗೆ ತಗಡಿನ ಗೋಡೆ, ಚಿಲಕವಿರುವ ಬಾಗಿಲು ಬಂತು. ಬ್ಯಾಟರಿ ತರುವ ಮಾತನ್ನು ಯಾರೂ ಎತ್ತಲಿಲ್ಲ.

ಈಗ ನಾನು ಬಸವಕಲ್ಯಾಣದ ಒಂದು ಸಣ್ಣ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದೇನೆ. ಸೂಜಿ ಚುಚ್ಚುವವರು ಬೇರೆ, ಅವರಿಗೆ ಬಿಳಿ ಬಟ್ಟೆ ಇದೆ. ನಾನು ಹೆಸರು ಬರೆದು, ಕೂಗಿ, ಒಳಗೆ ಕಳಿಸುತ್ತೇನೆ. ಹೋದ ತಿಂಗಳು ಅಪ್ಪನಿಗೆ ತಲೆ ತಿರುಗುತ್ತದೆಂದು ಅಲ್ಲಿಗೇ ಕರೆದುಕೊಂಡು ಹೋದೆ. ಡಾಕ್ಟರು ಬಿಪಿ ನೋಡಿ, ಕಣ್ಣು ನೋಡಿ, "ಕೈ ಎರಡೂ ಮುಂದ ಚಾಚ್ರಿ ಯಜಮಾನ್ರ" ಎಂದರು.

ಅಪ್ಪ ಚಾಚಿದ. ಕಪ್ಪಗೆ, ಒರಟಾಗಿ, ಎರಡೂ ಕೈ ಅಲುಗಾಡದೆ ನಿಂತವು.

"ಒಂದ್ ಚೂರೂ ನಡುಗಾಕತ್ತಿಲ್ಲಲ್ರಿ! ನನ್ನ ಕೈಗಿಂತ ಗಟ್ಟಿ ಅದಾವ" ಎಂದು ಡಾಕ್ಟರು ನಕ್ಕರು.

ಅಪ್ಪ ನಗಲಿಲ್ಲ. ಕೈ ಇಳಿಸಿ ಮಡಿಲಲ್ಲಿ ಇಟ್ಟುಕೊಂಡ. "ಸುಳ್ಳ್ರಿ. ಗಟ್ಟಿ ಇರಬೇಕಾದ ದಿನಾನ ನಡುಗ್ಯಾವ್ರಿ ಇವು. ಅವತ್ತು ನಡುಗಲಿಲ್ಲಂದ್ರ ಈಕಿ ಇವತ್ತ ಇಲ್ಲೇ ಬಿಳೇ ಬಟ್ಟಿ ಹಾಕ್ಕೊಂಡು ನಿಂದರ್ತಿದ್ಲು. ಬೇಕಾದ್ರ ಈಕಿನ್ನ ಕೇಳ್ರಿ."

ಡಾಕ್ಟರು ನನ್ನತ್ತ ತಿರುಗಿದರು. ಅಪ್ಪನೂ ತಿರುಗಿದ. ನನ್ನ ಬೆರಳಲ್ಲಿದ್ದ ಚೀಟಿ ಪಟಪಟ ಅಲುಗುತ್ತಿತ್ತು. ಅದನ್ನು ಮೇಜಿಗೆ ಒತ್ತಿ ಹಿಡಿದೆ.

"ಹೌದ್ರಿ" ಎಂದೆ.