ಅರ್ಧ ತಲೆಯ ರೇಟು

ಕೇಳಿದವರಿಗೆ ನಾನು ಮಾರುಕಟ್ಟೆ ಸಮೀಕ್ಷಕ ಅನ್ನುತ್ತೇನೆ. ನಿಜ ಹೇಳಬೇಕೆಂದರೆ, ನಾನು ಈ ಜನ್ಮದಲ್ಲಿ ಕೊಳ್ಳಲಾರದ ಸೋಲಾರ್ ಇನ್ವರ್ಟರಿನ ಬೆಲೆಯನ್ನು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿ, ಏರಿತೋ ಇಳಿಯಿತೋ ಎಂದು ಕಚೇರಿಗೆ ತಿಳಿಸುವುದೇ ನನ್ನ ಉದ್ಯೋಗ. ಸಮೀಕ್ಷೆ ಎಂದರೆ ಅಂಗಡಿಯವರು ಬಾಯಿ ಬಿಡುವುದಿಲ್ಲ. ಹಾಗಾಗಿ ಒಂದು ವಾರ ಹಿಟ್ಟಿನ ಗಿರಣಿಯ ಮಾಲೀಕನಾಗುತ್ತೇನೆ, ಮುಂದಿನ ವಾರ ಹೆಡ್‌ಮಾಸ್ಟರು, ಅದರಾಚೆಯ ವಾರ ಆಸ್ಪತ್ರೆಯ ಮ್ಯಾನೇಜರು.

ನನ್ನ ಮಾತನ್ನು ನಂಬುವ ಏಕೈಕ ಮನುಷ್ಯ ಎಂದರೆ ಅಕ್ಕನ ಗಂಡ, ನನ್ನ ಭಾವ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಸಲೂನು. ಕರೆಂಟು ಹೋದರೆ ಕತ್ತರಿಯನ್ನೂ ಮುಟ್ಟುವುದಿಲ್ಲ. ಕಿವಿ ಇನ್ನೊಬ್ಬರದು ಎನ್ನುವುದು ಅವರ ವಾದ. ಅರ್ಧ ಕ್ಷೌರವಾದ ಗಿರಾಕಿಗಳು ಬೆಂಚಿನ ಮೇಲೆ ಕೂತು ಕೂತು ಬೇಸತ್ತು, ಟೋಪಿ ಹಾಕಿಕೊಂಡು ಕಿಟಕಿಯಿರುವ ಎದುರಿನ ಸಲೂನಿಗೆ ದಾಟುತ್ತಿದ್ದರು. ಹೀಗೇ ಆದರೆ ಅಂಗಡಿಗೆ ಬೀಗ ಹಾಕಬೇಕಷ್ಟೇ ಎಂದು ಅಕ್ಕನ ಗೊಣಗಾಟ. ಛಾವಣಿಗೆ ಪ್ಯಾನೆಲ್ ಹಾಕಿಸಿಯಾಗಿತ್ತು, ಇನ್ವರ್ಟರ್ ಒಂದೇ ಬಾಕಿ. ಅದನ್ನು ಕೊಳ್ಳದಂತೆ ತಡೆದವನು ನಾನು. ಇಳಿಯುತ್ತೆ ಭಾವ, ಸ್ವಲ್ಪ ತಾಳಿ ಎಂದು ನಾನು ಹೇಳಿದಾಗಲೆಲ್ಲ ಬೆಲೆ ಏರುತ್ತಿತ್ತು.

ಒಂದು ಮಧ್ಯಾಹ್ನ ಇನ್ವರ್ಟರ್ ಅಂಗಡಿಯ ಸಾಹುಕಾರರೇ ಕುರ್ಚಿಯಲ್ಲಿದ್ದರು. ತಲೆಯ ಎಡಗಡೆ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕತ್ತಲಲ್ಲಿ ಕಾಯುತ್ತ ಮಾತಿಗೆ ಮಾತು ಬಂದು, ಬೆಲೆ ಯಾಕೆ ಹೀಗೆ ಏರುತ್ತಿದೆ ಎಂದು ಭಾವ ಕೇಳಿದರು.

"ಕೇಳೋರು ಜಾಸ್ತಿಯಾಗಿದ್ದಾರೆ ಕಣ್ರೀ. ಗಿರಣಿಯವರು, ಹೆಡ್‌ಮಾಸ್ಟ್ರು, ಆಸ್ಪತ್ರೆಯವರು, ವಾರ ತಪ್ಪದೆ ಫೋನು. ಇಷ್ಟು ಜನ ಮೇಲೆ ಬಿದ್ದಾಗ ಏರಿಸದೆ ಇರೋಕಾಗುತ್ತಾ? ಒಂದೇ ವಿಚಿತ್ರ, ಮಾತಾಡೋ ಮೊದಲು ಎಲ್ರೂ ಎರಡು ಸಲ ಕೆಮ್ತಾರೆ."

ಬೆಂಚಿನ ತುದಿಯಲ್ಲಿದ್ದ ನಾನು ಏನಾದರೂ ನೆಪ ಹೇಳಿ ಜಾರಿಕೊಳ್ಳೋಣವೆಂದು ಎದ್ದೆ. ಅಭ್ಯಾಸಬಲ, ಎರಡು ಸಲ ಕೆಮ್ಮಿದೆ.

ಸಾಹುಕಾರರ ಅರ್ಧ ತಲೆ ನನ್ನತ್ತ ತಿರುಗಿತು. "ಏನ್ ಹೆಡ್‌ಮಾಸ್ಟ್ರೇ, ಸ್ಕೂಲಿಗೆ ರಜವಾ?"

ಭಾವ ನನ್ನನ್ನು ಬೈಯಲಿಲ್ಲ. ಬಾಚಣಿಗೆ ಒರೆಸಿ ಜೇಬಿಗಿಟ್ಟುಕೊಂಡರು. "ಗಿರಣಿ, ಸ್ಕೂಲು, ಆಸ್ಪತ್ರೆ ಎಲ್ಲಾ ನನ್ನ ಭಾವಮೈದನೇ ಸ್ವಾಮಿ. ನಿಜವಾಗಿ ಬೇಕಾಗಿರೋದು ನನಗೊಬ್ಬನಿಗೆ. ಹಳೇ ರೇಟಿಗೆ ಕಳಿಸಿಬಿಡಿ, ಬಲಗಡೆನೂ ಮುಗಿಸೋಣ."

ಸಾಹುಕಾರರು ತಲೆಯ ಬಲಗಡೆ ಒಮ್ಮೆ ಸವರಿಕೊಂಡರು. ಟೋಪಿ ತಂದಿರಲಿಲ್ಲ. ಬಾಗಿಲಾಚೆ ಜನ ತುಂಬಿದ ಬೀದಿ ನೋಡಿದರು. ಆಮೇಲೆ ತಮ್ಮ ಅಂಗಡಿಗೆ ಫೋನ್ ಮಾಡಿದರು. ಇನ್ವರ್ಟರನ್ನು ಹೊತ್ತು ತರುವ ಶಿಕ್ಷೆ ನನಗೆ. ಸಂಜೆಯೊಳಗೆ ದೀಪ ಹತ್ತಿತು, ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಟೋಪಿ ತೆಗೆದರು.

ಬೆಲೆ ದಿಢೀರನೆ ಇಳಿದದ್ದೇಕೆ ಎಂದು ಕಚೇರಿ ಆ ವಾರ ವಿವರಣೆ ಕೇಳಿತು. ಬೇಡಿಕೆ ಕುಸಿದಿದೆ ಎಂದು ಬರೆದುಕೊಟ್ಟೆ. ಸುಳ್ಳೇನಲ್ಲ; ಗಿರಣಿ, ಶಾಲೆ, ಆಸ್ಪತ್ರೆ ಮೂರೂ ಒಂದೇ ಮಧ್ಯಾಹ್ನ ಹಿಂದೆ ಸರಿದಿದ್ದವು.